ರಿಯಾದಿನ ಕಾರಿನ ಹಿಂದಿನ ಸೀಟಿನಲ್ಲಿ ಕುಳಿತ ಕಥೆ

ಕರಾವಳಿಯ ಬ್ಯಾರಿ ಮನೆಗಳಿಗೆ ರಿಯಾದ್ ಹೊಸ ಊರಲ್ಲ. ಉಳ್ಳಾಲದಲ್ಲೋ ಬಜ್ಪೆಯಲ್ಲೋ ಉಪ್ಪಿನಂಗಡಿಯಲ್ಲೋ ಒಂದು ಬೀದಿಯ ಬಾಗಿಲುಗಳನ್ನು ತಟ್ಟುತ್ತಾ ಹೋದರೆ "ನಮ್ಮ ದೊಡ್ಡವ ಹದಿನೈದು ವರ್ಷ ಅಲ್ಲೇ ಇದ್ದ", "ಭಾವ ಈಗಲೂ ಅಲ್ಲೇ ಇರುವುದು" ಎನ್ನುವ ಮನೆ ಒಂದಾದರೂ ಸಿಗುತ್ತದೆ. ಬತ್ತಾ ಮಾರ್ಕೆಟಿನಲ್ಲಿ ಏನು ಸಿಗುತ್ತದೆ, ಶುಕ್ರವಾರ ಅಲ್ಲಿ ಎಷ್ಟು ಜನ ಸೇರುತ್ತಾರೆ ಎನ್ನುವುದು ವಿಮಾನ ಹತ್ತದ ನಮ್ಮ ಉಮ್ಮಂದಿರಿಗೂ ಗೊತ್ತು. ಗೊತ್ತಿಲ್ಲದೆ ಇದ್ದದ್ದು ಒಂದೇ. ಆ ಊರಿನ ದೊಡ್ಡ ಮನೆಗಳ ಗೋಡೆಯ ಒಳಗೆ ಹೆಣ್ಣುಮಕ್ಕಳು ಏನು ಮಾತಾಡಿಕೊಳ್ಳುತ್ತಾರೆ, ಯಾವುದಕ್ಕೆ ನಗುತ್ತಾರೆ, ಯಾರಿಗೋಸ್ಕರ ಅಳುತ್ತಾರೆ?

2005ರಲ್ಲಿ ಬೈರೂತಿನಿಂದ ಒಂದು ಅರಬಿ ಕಾದಂಬರಿ ಹೊರಬಂತು. ಹೆಸರು 'ಬನಾತ್ ಅಲ್ ರಿಯಾದ್', ಅಂದರೆ ರಿಯಾದಿನ ಹುಡುಗಿಯರು. ಬರೆದವರು ರಜಾ ಅಲ್ ಸಾನಿಯ. ಆಗ ಅವರಿಗೆ ಇಪ್ಪತ್ತನಾಲ್ಕರ ಆಸುಪಾಸು. ದಂತವೈದ್ಯ ಕಲಿಯುತ್ತಿದ್ದ ಹುಡುಗಿ. ಮೊದಲಿಗೆ ಸೌದಿಯಲ್ಲಿ ಪುಸ್ತಕಕ್ಕೆ ನಿಷೇಧ ಬಿತ್ತು. ನಿಷೇಧ ಬಿದ್ದ ಮೇಲೆ ಕೇಳಬೇಕೇ, ಕದ್ದುಮುಚ್ಚಿ ಕೈಯಿಂದ ಕೈಗೆ ದಾಟಿತು. ಹಾಗೆಂದು ಬೈದವರು ಮಾತ್ರ ಇದ್ದರು ಎಂದಲ್ಲ. ಆಗ ಸೌದಿಯ ಕಾರ್ಮಿಕ ಸಚಿವರಾಗಿದ್ದ ಕವಿ ಗಾಝಿ ಅಲ್ ಗೊಸೈಬಿಯವರೇ ಪುಸ್ತಕವನ್ನು ಮೆಚ್ಚಿ ಬರೆದ ಮಾತು ಅದರ ರಕ್ಷಾಪುಟದಲ್ಲಿತ್ತು. 2007ರಲ್ಲಿ ಇಂಗ್ಲಿಷಿಗೂ ಬಂತು.

ನಾಲ್ವರು ಗೆಳತಿಯರ ಕಥೆ. ಹೆಸರಿಲ್ಲದ ಹುಡುಗಿಯೊಬ್ಬಳು ಪ್ರತಿ ಶುಕ್ರವಾರ ನೂರಾರು ಜನರಿಗೆ ಇಮೇಲ್ ಕಳಿಸುತ್ತಾಳೆ. ಒಂದೊಂದು ಇಮೇಲಿನಲ್ಲೂ ಈ ನಾಲ್ವರ ಸುದ್ದಿಯ ಒಂದೊಂದು ಕಂತು. ಗಮ್ರಾಳಿಗೆ ಅದ್ಧೂರಿ ಮದುವೆಯಾಗುತ್ತದೆ. ಗಂಡನ ಜತೆ ಶಿಕಾಗೋಗೆ ಹೋದವಳಿಗೆ ಅಲ್ಲಿ ಆತನಿಗೆ ಮೊದಲೇ ಒಬ್ಬಳಿದ್ದಾಳೆ ಎಂದು ತಿಳಿಯುತ್ತದೆ. ಹೊಟ್ಟೆಯಲ್ಲಿ ಮಗುವನ್ನು ಹೊತ್ತು ತವರಿಗೆ ವಾಪಸ್. ತಾಯಿ ಅಮೆರಿಕದವಳಾದ ಮಿಶೆಲ್ ಫೈಸಲ್‌ನನ್ನು ಪ್ರೀತಿಸುತ್ತಾಳೆ. ಫೈಸಲ್‌ನ ಉಮ್ಮ ಮಾತ್ರ ಹುಡುಗಿಯ ಮನೆತನ ಕೇಳಿದ ಕೂಡಲೇ ಬೇಡ ಎನ್ನುತ್ತಾಳೆ, ಮಗ ತಲೆತಗ್ಗಿಸುತ್ತಾನೆ. ವೈದ್ಯಕೀಯ ಕಲಿತ ಲಮೀಸ್ ಒಬ್ಬಳೇ ಲೆಕ್ಕ ಹಾಕಿ ಹೆಜ್ಜೆಯಿಟ್ಟು, ಮೆಚ್ಚಿದವನನ್ನೇ ಮದುವೆಯಾಗಿ ಗೆಲ್ಲುವವಳು.

ಸದೀಮ್‌ಳ ಕಥೆ ನಮ್ಮ ಊರಿನ ಓದುಗರ ಎದೆಗೆ ಹೆಚ್ಚು ತಾಗುತ್ತದೆ. ಅವಳ ನಿಕಾಹ್ ಆಗಿದೆ, ಕಾಗದಕ್ಕೆ ಸಹಿ ಬಿದ್ದಿದೆ, ಮದುವೆಯ ಸಮಾರಂಭ ಮಾತ್ರ ಬಾಕಿ. "ನಿಕಾಹ್ ಈಗ ಆಗಲಿ, ಮದುವೆ ಮುಂದಿನ ರಜೆಗೆ" ಎನ್ನುವ ಮಾತು ನಮ್ಮಲ್ಲೂ ಕೇಳಿ ಗೊತ್ತಿರುವುದೇ ಅಲ್ಲವೇ? ಆ ನಡುವಿನ ದಿನಗಳಲ್ಲಿ ಆಕೆ ಗಂಡನನ್ನು ಹತ್ತಿರ ಬಿಟ್ಟುಕೊಳ್ಳುತ್ತಾಳೆ. ಶರೀಅತ್ತಿನ ಪ್ರಕಾರ ಆತ ಗಂಡನೇ. ಆದರೆ ಅಂದಿನಿಂದ ಆತನ ಫೋನ್ ಬರುವುದು ನಿಲ್ಲುತ್ತದೆ. ಆಮೇಲೆ ಬರುವುದು ತಲಾಖಿನ ಕಾಗದ. "ಇಷ್ಟು ಸುಲಭಕ್ಕೆ ಒಪ್ಪಿದವಳು ಎಂಥವಳೋ" ಎಂಬ ಅನುಮಾನವಂತೆ! ತಪ್ಪು ಯಾರದ್ದು, ಶಿಕ್ಷೆ ಯಾರಿಗೆ? ಲೇಖಕಿ ಇಲ್ಲಿ ಭಾಷಣ ಬಿಗಿಯುವುದಿಲ್ಲ. ಗೆಳತಿಯರು ಅವಳ ಸುತ್ತ ಕುಳಿತು ಚಾ ಕುಡಿಯುತ್ತಾರೆ, ಬೈಯುತ್ತಾರೆ, ನಗಿಸುತ್ತಾರೆ. ಇಂತಹ ಪುಸ್ತಕಗಳ ರೀತಿಯೇ ಅದು. ಅಳುವಿನ ವಿಷಯವನ್ನೂ ನಗುತ್ತಾ ಹೇಳುವುದು.

ಕೋಳಿಮರಿಗಳ ಸಾಹಿತ್ಯ!

ಇಂತಹ ಕಾದಂಬರಿಗಳಿಗೆ ಇಂಗ್ಲಿಷಿನಲ್ಲಿ 'ಚಿಕ್ ಲಿಟ್' ಎಂದು ಹೆಸರು. ಚಿಕ್ ಅಂದರೆ ಕೋಳಿಮರಿ. ಆಡುಮಾತಿನಲ್ಲಿ ಹರೆಯದ ಹುಡುಗಿ. ಹೆಸರಿನಲ್ಲೇ ಒಂದಿಷ್ಟು ತಾತ್ಸಾರ ಇದೆ. ತಮಾಷೆಯೆಂದರೆ, 1995ರಲ್ಲಿ ಅಮೆರಿಕದಲ್ಲಿ ಕ್ರಿಸ್ ಮಾಝಾ ಮತ್ತು ಜೆಫ್ರಿ ಡಿಶೆಲ್ ಎಂಬವರು ಹೊಸ ಬಗೆಯ ಹೆಣ್ಣು ಬರಹಗಳ ಸಂಕಲನವೊಂದಕ್ಕೆ ವ್ಯಂಗ್ಯವಾಗಿ ಇಟ್ಟ ಹೆಸರು ಅದು. ವ್ಯಂಗ್ಯ ಹಾರಿಹೋಯಿತು, ಹೆಸರು ಮಾತ್ರ ಉಳಿಯಿತು.

ಅದೇ ವರ್ಷ ಲಂಡನ್ನಿನ 'ದಿ ಇಂಡಿಪೆಂಡೆಂಟ್' ಪತ್ರಿಕೆಯಲ್ಲಿ ಹೆಲೆನ್ ಫೀಲ್ಡಿಂಗ್ ಎಂಬ ಪತ್ರಕರ್ತೆ ಬ್ರಿಜೆಟ್ ಜೋನ್ಸ್ ಎಂಬ ಕಲ್ಪನೆಯ ಹುಡುಗಿಯ ಡೈರಿಯನ್ನು ಅಂಕಣವಾಗಿ ಬರೆಯತೊಡಗಿದರು. 1996ರಲ್ಲಿ ಅದು ಪುಸ್ತಕವಾಯಿತು, 2001ರಲ್ಲಿ ಸಿನೆಮಾ. ಬ್ರಿಜೆಟ್ ಮೂವತ್ತು ದಾಟಿದವಳು. ದಿನಾ ತೂಕ ನೋಡಿ ಬರೆದಿಡುತ್ತಾಳೆ, ಇಂದಿನಿಂದ ಎಲ್ಲ ಚಟ ಬಿಡುತ್ತೇನೆ ಎನ್ನುತ್ತಾಳೆ, ಸಂಜೆಯೊಳಗೆ ಮಾತು ಮುರಿಯುತ್ತಾಳೆ. ಯಾವ ಸಮಾರಂಭಕ್ಕೆ ಹೋದರೂ ಎಲ್ಲರಿಗೂ ಒಂದೇ ಪ್ರಶ್ನೆ: ಮದುವೆ ಯಾವಾಗ? ಲಂಡನ್ನಿನ ಬ್ರಿಜೆಟ್‌ಗೂ ನಮ್ಮ ಮದುವೆ ಹಾಲ್‌ಗಳಲ್ಲಿ ಬಿರಿಯಾನಿ ತಟ್ಟೆಯ ಎದುರು ಸಿಕ್ಕಿಬೀಳುವ ಇಪ್ಪತ್ತಾರರ ಹುಡುಗಿಗೂ ಈ ವಿಷಯದಲ್ಲಿ ದೊಡ್ಡ ವ್ಯತ್ಯಾಸ ಇಲ್ಲ.

ಈ ಕಥೆಗಳನ್ನು ಹಳೆಯ ಮಿಲ್ಸ್ ಆ್ಯಂಡ್ ಬೂನ್ ಮಾದರಿಯ ಪ್ರೇಮಕಥೆಗಳ ಜತೆ ಸೇರಿಸಿ ಬಿಡುವುದು ಸರಿಯಲ್ಲ. ಅಲ್ಲಿ ನಾಯಕ ಎತ್ತರ, ಶ್ರೀಮಂತ, ಗಂಭೀರ; ನಾಯಕಿಯ ಕೆಲಸ ಅವನಿಗಾಗಿ ಕಾಯುವುದು. ಇಲ್ಲಿ ಮೊದಲು ಬರುವುದು ಅವಳ ಕೆಲಸ, ಬಾಡಿಗೆ, ಕಾಟ ಕೊಡುವ ಮೇಲಧಿಕಾರಿ, ರಾತ್ರಿ ಎರಡು ಗಂಟೆಗೂ ಫೋನ್ ಎತ್ತುವ ಗೆಳತಿ. ಹುಡುಗ ಬರುತ್ತಾನೆ, ಆದರೆ ಕಥೆ ಅವನಿಗಾಗಿ ನಿಂತು ಕಾಯುವುದಿಲ್ಲ. 2000ದಲ್ಲಿ ಬಂದ ಸೋಫಿ ಕಿನ್ಸೆಲ್ಲಾರ 'ಶಾಪಹಾಲಿಕ್' ಸರಣಿಯ ಬೆಕಿ, ಜನರಿಗೆ ಹಣ ಉಳಿಸುವುದು ಹೇಗೆ ಎಂದು ಪತ್ರಿಕೆಯಲ್ಲಿ ಬುದ್ಧಿ ಹೇಳುವವಳು. ಅವಳದೇ ಕ್ರೆಡಿಟ್ ಕಾರ್ಡಿನ ಬಿಲ್ಲುಗಳು ಕಟ್ಟದೆ ರಾಶಿ ಬಿದ್ದಿರುತ್ತವೆ. 2003ರ 'ದಿ ಡೆವಿಲ್ ವೇರ್ಸ್ ಪ್ರಾಡಾ' ಕಾದಂಬರಿಯಲ್ಲಿ ನಾಯಕಿಯ ನಿದ್ದೆ ಕೆಡಿಸುವುದು ಪ್ರಿಯಕರನಲ್ಲ, ಫ್ಯಾಷನ್ ಪತ್ರಿಕೆಯ ಸಂಪಾದಕಿ. ಬರೆದ ಲಾರೆನ್ ವೈಸ್‌ಬರ್ಗರ್ ಸ್ವತಃ ಅಂಥದ್ದೇ ಪತ್ರಿಕೆಯಲ್ಲಿ ಸಹಾಯಕಿಯಾಗಿ ದುಡಿದವರು.

ದೊಡ್ಡ ಲೇಖಕಿಯರಿಗೆ ಇದು ಹಿಡಿಸಲಿಲ್ಲ. ಬ್ರಿಟನ್ನಿನ ಹಿರಿಯ ಕಾದಂಬರಿಗಾರ್ತಿ ಬೆರಿಲ್ ಬೈನ್‌ಬ್ರಿಜ್ 2001ರಲ್ಲಿ ಇದೆಲ್ಲ ಬರೀ ನೊರೆ ಎಂಬರ್ಥದ ಮಾತಾಡಿದರು. ಇರಬಹುದು. ಆದರೆ ನೊರೆ ಇಲ್ಲದ ಚಾವನ್ನು ನಮ್ಮ ಯಾವ ಹೋಟೆಲಿನಲ್ಲಿ ಮೇಜಿನ ಮೇಲಿಡುತ್ತಾರೆ?

ಗೋಡೆಯಲ್ಲೊಂದು ತೂತು

ನಗರ, ನೌಕರಿ, ಪ್ರೀತಿ, ನಗು. ಈ ನಾಲ್ಕರ ಅಚ್ಚಿಗೆ ತಲೆಯ ಮೇಲೆ ಸ್ಕಾರ್ಫ್ ಇರುವ ಹುಡುಗಿಯನ್ನು ಕೂರಿಸಿದರೆ ಏನಾಗುತ್ತದೆ?

ಲಂಡನ್ನಿನ ಆಯಿಷಾ ಮಲಿಕ್ 2015ರಲ್ಲಿ 'ಸೋಫಿಯಾ ಖಾನ್ ಈಸ್ ನಾಟ್ ಆಬ್ಲೈಜ್ಡ್' ಬರೆದು ಇದಕ್ಕೆ ಉತ್ತರ ಕೊಟ್ಟರು. ಸೋಫಿಯಾ ಮೂವತ್ತರ ಹುಡುಗಿ. ಹಿಜಾಬ್ ಹಾಕುತ್ತಾಳೆ, ನಮಾಜ್ ಮಾಡುತ್ತಾಳೆ, ಪ್ರಕಾಶನ ಸಂಸ್ಥೆಯಲ್ಲಿ ಪ್ರಚಾರದ ಕೆಲಸ ಮಾಡುತ್ತಾಳೆ, ನಾಲಗೆ ಬಲು ಚುರುಕು. ಮೆಚ್ಚಿದವನ ಜತೆ ಮದುವೆ ಮಾತು ಮುರಿದುಬಿದ್ದ ಕಾರಣ ಕೇಳಿ. ಅವನ ತಂದೆತಾಯಿಯ ಮನೆ ಪಕ್ಕದಲ್ಲೇ, ನಡುವೆ ಒಂದೇ ಗೋಡೆ. ಅತ್ತಿತ್ತ ಓಡಾಡಲು ಆ ಗೋಡೆಯಲ್ಲಿ ಒಂದು ತೂತು! ಮದುವೆಯಾದ ಮೇಲೆ ಅಲ್ಲೇ ಇರಬೇಕು ಎನ್ನುತ್ತಾನೆ ಅವನು. ಸೋಫಿಯಾ ಬೇಡ ಎನ್ನುತ್ತಾಳೆ.

ಇದನ್ನು ಓದಿ ನಗದ ಬ್ಯಾರಿ ಸೊಸೆ ಇರಲಾರಳು. ನಮ್ಮ ಕೂಡುಕುಟುಂಬಗಳಲ್ಲಿ ತೂತಿಗೂ ಜಾಗವಿಲ್ಲ, ಗೋಡೆಯೇ ಇಲ್ಲ! ಅತ್ತೆ ಕೆಟ್ಟವರೆಂದು ಇಲ್ಲಿ ಯಾರೂ ಹೇಳುತ್ತಿಲ್ಲ. "ನಾನು ಎಲ್ಲಿ, ಹೇಗೆ ಬದುಕಬೇಕು" ಎಂಬ ಮಾತು ಮದುವೆಗೆ ಮೊದಲು ಹುಡುಗಿಯ ಬಾಯಿಂದ ಬರಬಹುದೇ ಎಂಬುದಷ್ಟೇ ಪ್ರಶ್ನೆ. ಸೋಫಿಯಾಳಿಗೆ ದೀನ್ ಅಡ್ಡಿಯಲ್ಲ. ಅವಳ ತೊಂದರೆ ಎರಡು ಕಡೆಯದ್ದು. ರೈಲಿನಲ್ಲಿ, ಆಫೀಸಿನಲ್ಲಿ ಅವಳ ಸ್ಕಾರ್ಫ್ ನೋಡಿ ಹೆದರುವವರು ಒಂದು ಕಡೆ. ಅವಳ ವಯಸ್ಸು ಎಣಿಸುವ ಸಂಬಂಧಿಕರು ಇನ್ನೊಂದು ಕಡೆ. ಇಬ್ಬರನ್ನೂ ಅವಳು ನಗುವಿನಲ್ಲೇ ಎದುರಿಸುತ್ತಾಳೆ.

ಕೆನಡಾದ ಟೊರಾಂಟೊದಲ್ಲಿ ಶಾಲಾ ಶಿಕ್ಷಕಿಯೂ ಆಗಿರುವ ಉಝ್ಮಾ ಜಲಾಲುದ್ದೀನ್ 2018ರಲ್ಲಿ 'ಆಯೆಷಾ ಅಟ್ ಲಾಸ್ಟ್' ಪ್ರಕಟಿಸಿದರು. ಇದರ ಕುಟುಂಬಗಳ ಬೇರು ನಮ್ಮ ಹೈದರಾಬಾದಿನಲ್ಲಿದೆ. ಆಯೆಷಾ ಬದಲಿ ಶಿಕ್ಷಕಿ, ಮನಸ್ಸು ಕವಿತೆಯ ಕಡೆ. ಖಾಲಿದ್ ಉದ್ದ ಗಡ್ಡ ಬಿಟ್ಟು ಆಫೀಸಿಗೂ ಬಿಳಿ ಜುಬ್ಬಾ ತೊಟ್ಟೇ ಹೋಗುವ ಹುಡುಗ. ಮದುವೆಯನ್ನು ತಾಯಿ ನಿಶ್ಚಯಿಸಲಿ ಎನ್ನುವವನು. ಅವಳು ಅವನನ್ನು ನೋಡಿದ್ದೇ "ಇವನೊಬ್ಬ ಕಟ್ಟರ್" ಎಂದು ಬದಿಗಿಡುತ್ತಾಳೆ. ಅವನೂ ಅವಳನ್ನು ಹೊರಗಿನಿಂದಲೇ ಅಳೆಯುತ್ತಾನೆ. ಗಡ್ಡ, ಜುಬ್ಬಾದ ಕಾರಣಕ್ಕೆ ಖಾಲಿದ್‌ಗೆ ಮೇಲಧಿಕಾರಿಯ ಕಾಟ ಬೇರೆ. ಹೊರಗಿನವರು ನಮ್ಮನ್ನು ಬಟ್ಟೆ ನೋಡಿ ಅಳೆಯುತ್ತಾರೆ ಎಂದು ದೂರುವ ನಾವೇ ಒಬ್ಬರನ್ನೊಬ್ಬರು ಬಟ್ಟೆಯಿಂದಲೇ ಅಳೆಯುತ್ತೇವಲ್ಲ ಎಂಬುದನ್ನು ಕಾದಂಬರಿ ನಗಿಸುತ್ತಲೇ ತಟ್ಟಿ ಹೇಳುತ್ತದೆ.

ಈ ಪುಸ್ತಕದ ಹಿಂದೆ ಜೇನ್ ಆಸ್ಟಿನ್ ಇದ್ದಾರೆ. 1813ರ 'ಪ್ರೈಡ್ ಆ್ಯಂಡ್ ಪ್ರಿಜುಡೀಸ್' ಕಾದಂಬರಿಯ ಬೆನೆಟ್ ದಂಪತಿಗೆ ಐದು ಹೆಣ್ಣುಮಕ್ಕಳು. ತಾಯಿಗೆ ಹಗಲಿರುಳೂ ಅವರ ಮದುವೆಯದೇ ಚಿಂತೆ. ಬ್ರಿಜೆಟ್ ಜೋನ್ಸ್ ಕೂಡ ಆ ಕಥೆಯ ನೆರಳಿನಲ್ಲೇ ಬೆಳೆದವಳು. ಪಾಕಿಸ್ತಾನದ ಹಿನ್ನೆಲೆಯಲ್ಲಿ ಸೋನಿಯಾ ಕಮಾಲ್ 2019ರಲ್ಲಿ ಬರೆದ 'ಅನ್‌ಮ್ಯಾರಿಯೆಬಲ್' ಸಹ ಅದೇ ಕಥೆಯ ಮರುಹುಟ್ಟು. ಇನ್ನೂರು ವರ್ಷದ ಹಿಂದಿನ ಇಂಗ್ಲೆಂಡಿನ ಹಳ್ಳಿಯ ಕಥೆ ನಮ್ಮ ಹೆಣ್ಣುಮಕ್ಕಳಿಗೆ ಇಷ್ಟು ಹತ್ತಿರ ಯಾಕೆ? ಅಲ್ಲಿಯೂ ಮದುವೆ ಇಬ್ಬರ ವಿಷಯ ಆಗಿರಲಿಲ್ಲ. ಮನೆಯ, ಆಸ್ತಿಯ, ಊರಿನ ಬಾಯಿಯ ವಿಷಯವಾಗಿತ್ತು. ಇಂದಿನ ಲಂಡನ್ ಅದನ್ನು ಮರೆತಿರಬಹುದು. ನಮ್ಮ ಊರುಗಳಲ್ಲಿ ಅದು ಇಂದಿಗೂ ವಾಟ್ಸ್‌ಆ್ಯಪಿನಲ್ಲಿ ಬಯೋಡೇಟಾ ಆಗಿ ಓಡಾಡುತ್ತಿದೆ.

ನಮ್ಮ ಕನ್ನಡದಲ್ಲಿ ಎಂತ ಉಂಟು?

ಕನ್ನಡದ ಹೆಂಗಸರಿಗೆ ಕಾದಂಬರಿ ಓದುವ ಹುಚ್ಚು ಹೊಸದಲ್ಲ. 1963ರಲ್ಲಿ, ಮೂವತ್ತೈದೂ ತುಂಬದೆ ತೀರಿಕೊಂಡ ತ್ರಿವೇಣಿಯವರು ಹೆಣ್ಣಿನ ಮನಸ್ಸಿನ ಒಳಗೆ ಇಳಿದು ಬರೆದರು. ಆಮೇಲೆ ಎಂ.ಕೆ. ಇಂದಿರಾ, ಉಷಾ ನವರತ್ನರಾಂ, ಸಾಯಿಸುತೆ ಹೀಗೆ ಸಾಲು ದೊಡ್ಡದು. ವಾರಪತ್ರಿಕೆಯ ಧಾರಾವಾಹಿಗಾಗಿ ಕಾಯುವುದು, ಬಾಡಿಗೆ ಲೈಬ್ರರಿಯಿಂದ ತಂದ ಪುಸ್ತಕವನ್ನು ಮನೆಯ ಹೆಂಗಸರೆಲ್ಲ ಸರದಿಯಲ್ಲಿ ಓದಿ ಮುಗಿಸುವುದು, ಅಡುಗೆಮನೆಯ ಡಬ್ಬಿಗಳ ಹಿಂದೆ ಕಾದಂಬರಿ ಅಡಗಿಸಿಡುವುದು, ಇದೆಲ್ಲ ಜಾತಿಮತದ ಭೇದ ಇಲ್ಲದೆ ನಡೆದ ಸಂಗತಿ. ಆಗಲೂ ವಿಮರ್ಶಕರು ಅವನ್ನು 'ಜನಪ್ರಿಯ' ಎಂದು ಒಂದು ಮೆಟ್ಟಿಲು ಕೆಳಗೆ ಇಟ್ಟರು. ಓದುಗರು ಮಾತ್ರ ಮೆಟ್ಟಿಲು ಲೆಕ್ಕ ಹಾಕಲಿಲ್ಲ.

ಆದರೆ ಆ ಪುಸ್ತಕಗಳಲ್ಲಿ ನಮ್ಮ ಮನೆ ಇರಲಿಲ್ಲ. ನಮ್ಮ ಮನೆಯ ಬಾಗಿಲನ್ನು ಕನ್ನಡಕ್ಕೆ ತೆರೆದು ತೋರಿಸಿದವರು ಸಾರಾ ಅಬೂಬಕರ್. ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದ 'ಚಂದ್ರಗಿರಿಯ ತೀರದಲ್ಲಿ' ಕಾದಂಬರಿಯ ನಾದಿರಾಳನ್ನು ಮರೆತವರುಂಟೇ? ತಂದೆಯ ಹಟ, ತಲಾಖಿನ ತಿರುಚು, ಕೊನೆಗೆ ನೀರು. 2023ರ ಜನವರಿಯಲ್ಲಿ ಸಾರಾ ಅವರು ಮಂಗಳೂರಿನಲ್ಲಿ ತೀರಿಕೊಂಡಾಗ ನಮ್ಮಲ್ಲಿ ಅವರನ್ನು ಓದಿದವರೂ ಓದದೆ ಬೈದವರೂ ಒಟ್ಟಿಗೆ ಮೌನವಾದರು. ಹಾಸನದ ಬಾನು ಮುಷ್ತಾಕ್ ಅವರ ಕಥೆಗಳು, ಮಡಿಕೇರಿಯ ದೀಪಾ ಭಾಸ್ತಿಯವರ ಅನುವಾದದಲ್ಲಿ 'ಹಾರ್ಟ್ ಲ್ಯಾಂಪ್' ಆಗಿ 2025ರ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಗೆದ್ದವು. ಬಾನು ಅವರ ಕಥೆಗಳಲ್ಲಿ ಚುಚ್ಚುವ ನಗೆ ಧಾರಾಳ ಇದೆ. ಆದರೂ ಒಟ್ಟು ಲೆಕ್ಕದಲ್ಲಿ ಕನ್ನಡದ ಓದುಗರಿಗೆ ಪರಿಚಯವಾದ ಮುಸ್ಲಿಂ ಹೆಣ್ಣು ನೊಂದವಳು. ಅದು ಸುಳ್ಳಲ್ಲ. ಆ ನೋವನ್ನು ಬರೆಯಲೇಬೇಕಿತ್ತು, ಇನ್ನೂ ಬರೆಯಬೇಕು.

ಹಾಗಿದ್ದರೂ ಒಂದು ಮಾತು ಉಳಿಯುತ್ತದೆ. ಬೆಂಗಳೂರಿನ ಪಿ.ಜಿ.ಯಲ್ಲಿ ಮೂವರ ಜತೆ ಕೋಣೆ ಹಂಚಿಕೊಂಡು, ಬೆಳಿಗ್ಗೆ ಮೆಟ್ರೊ ಹಿಡಿದು ಆಫೀಸಿಗೆ ಓಡುವ ಬಿ.ಸಿ. ರೋಡಿನ ಹುಡುಗಿ ಇಂದು ಕಾಣದ ಮನುಷ್ಯಳಲ್ಲ. ಸಂಬಳ ಬಂದ ದಿನ ತಮ್ಮನ ಫೀಸು ಕಳಿಸುತ್ತಾಳೆ, ಉಳಿದದ್ದರಲ್ಲಿ ಒಂದು ಚಂದದ ಅಬಾಯ ಆರ್ಡರ್ ಮಾಡುತ್ತಾಳೆ. ಭಾನುವಾರ ಬಸ್ಸಿಳಿದು ಮನೆಗೆ ಬಂದರೆ ಒಳಗೆ ಬ್ರೋಕರ್ ಕುಳಿತಿರುತ್ತಾನೆ. "ಹುಡುಗ ದಮ್ಮಾಮಿನಲ್ಲಿ, ಮದುವೆ ಆದ ಮೇಲೆ ಕೆಲಸ ಬೇಡ ಅಂತಾರೆ, ಬೇರೆ ಎಂತ ತೊಂದರೆ ಇಲ್ಲ." ಇವಳು ಚಾ ಕೊಡುತ್ತಾ ಮನಸ್ಸಿನಲ್ಲೇ ಹೇಳಿಕೊಳ್ಳುತ್ತಾಳೆ: "ತೊಂದರೆ ಅದೇ ಅಲ್ವಾ ಮಾರಾಯಾ!" ಇವಳ ಕಥೆಯನ್ನು ಕನ್ನಡದಲ್ಲಿ ನಗುನಗುತ್ತಾ ಹೇಳುವವರು ಎಲ್ಲಿ? ಇವಳು ಸಂತ್ರಸ್ತೆಯೂ ಅಲ್ಲ, ಕ್ರಾಂತಿಕಾರಿಯೂ ಅಲ್ಲ. ಜವಾಬ್ದಾರಿ ಇರುವ, ಆಸೆ ಇರುವ, ಕೆಲವೊಮ್ಮೆ ಪೆದ್ದುತನ ಮಾಡುವ ಸಾಮಾನ್ಯ ಹುಡುಗಿ. ಪೆದ್ದುತನ ಮಾಡಿಯೂ ಕಥೆಯ ಕೊನೆಗೆ ಬದುಕಿ ಉಳಿಯುವ ಹಕ್ಕು ನಮ್ಮ ನಾಯಕಿಯರಿಗೆ ಅಷ್ಟಾಗಿ ಸಿಕ್ಕಿಲ್ಲ.

ಇಂಗ್ಲಿಷಿನಲ್ಲಿ ಬರೆಯುವ ಭಾರತೀಯ ಹೆಂಗಸರು ಈ ಹಾದಿ ಹಿಡಿದು ಬಹಳ ವರ್ಷವಾಯಿತು. ಜಾಹೀರಾತು ಕಂಪೆನಿಯಲ್ಲಿ ದುಡಿದ ಅನುಜಾ ಚೌಹಾಣ್ 2008ರಲ್ಲಿ ಬರೆದ 'ದಿ ಝೋಯಾ ಫ್ಯಾಕ್ಟರ್' ಅದಕ್ಕೆ ಒಳ್ಳೆಯ ಉದಾಹರಣೆ. 1983ರಲ್ಲಿ ಭಾರತ ವಿಶ್ವಕಪ್ ಗೆದ್ದ ಕ್ಷಣದಲ್ಲೇ ಹುಟ್ಟಿದ ಹುಡುಗಿಯನ್ನು ಕ್ರಿಕೆಟ್ ತಂಡದ ಅದೃಷ್ಟದೇವತೆ ಮಾಡಿಬಿಡುವ ಕಥೆ. ನಮ್ಮ ಹುಡುಗಿಯರಿಗೆ ಅದರ ಪರಿಚಯ 2019ರ ಸಿನೆಮಾದಿಂದ, ಇನ್ನೂ ಸರಿಯಾಗಿ ಹೇಳುವುದಾದರೆ ಅದರ ನಾಯಕ ದುಲ್ಕರ್ ಸಲ್ಮಾನ್‌ನಿಂದ!

ಮುಂದಿನ ಸೀಟಿನವನ ಹೆಸರೇನು?

ಇಷ್ಟು ಹೊಗಳಿದ ಮೇಲೆ ಒಂದು ತಕರಾರನ್ನೂ ಹೇಳಲೇಬೇಕು. ಅದನ್ನು ನಮ್ಮ ಊರಿನವರಷ್ಟು ಚೆನ್ನಾಗಿ ಬೇರೆ ಯಾರೂ ಹೇಳಲಾರರು.

'ರಿಯಾದಿನ ಹುಡುಗಿಯರು' ಬಂದ ಕಾಲದಲ್ಲಿ ಸೌದಿಯಲ್ಲಿ ಹೆಂಗಸರು ಕಾರು ಓಡಿಸುವಂತಿರಲಿಲ್ಲ. ಕಥೆಯ ಆರಂಭದಲ್ಲೇ ಗೆಳತಿಯೊಬ್ಬಳು ಗಂಡಸಿನ ವೇಷ ತೊಟ್ಟು, ಕಪ್ಪು ಗಾಜಿನ ಕಾರನ್ನು ನಗರದಲ್ಲಿ ಓಡಿಸಿ ಖುಷಿಪಡುವ ಪ್ರಸಂಗ ಇದೆ. ಉಳಿದ ದಿನಗಳಲ್ಲಿ ಅವರು ಕೂರುವುದು ಹಿಂದಿನ ಸೀಟಿನಲ್ಲಿ. ಮುಂದಿನ ಸೀಟಿನಲ್ಲಿ ಡ್ರೈವರ್. ಆ ಡ್ರೈವರುಗಳಲ್ಲಿ ಎಷ್ಟೋ ಮಂದಿ ಭಾರತದವರು, 'ಹೌಸ್ ಡ್ರೈವರ್' ವೀಸಾದಲ್ಲಿ ಹೋದವರು. ನಮ್ಮ ಊರುಗಳ ದಾದಂದಿರೂ, ಮಾಮಂದಿರೂ ಅವರಲ್ಲಿದ್ದರು. ಮಗುವನ್ನು ಶಾಲೆಗೆ ಬಿಟ್ಟು, ಮೇಡಮ್‌ಳನ್ನು ಮಾಲ್‌ಗೆ ಕರೆದುಕೊಂಡು ಹೋಗಿ, ಹೊರಗೆ ಕಾರಿನಲ್ಲಿ ಗಂಟೆಗಟ್ಟಲೆ ಕಾದು, ಆ ಸಂಬಳದಲ್ಲಿ ಇಲ್ಲಿ ತಂಗಿಯಂದಿರ ಮದುವೆ ಮಾಡಿಸಿದವರು.

ಕಾದಂಬರಿಯ ನಾಲ್ವರು ಗೆಳತಿಯರ ಎದೆಯ ಗುಟ್ಟುಗಳೆಲ್ಲ ನಮಗೆ ಗೊತ್ತಾಗುತ್ತವೆ. ಆದರೆ ಸ್ಟೇರಿಂಗ್ ಹಿಡಿದವನ, ಅಡುಗೆಮನೆಯಲ್ಲಿರುವ ಕೆಲಸದವಳ ಮನಸ್ಸಿನೊಳಕ್ಕೆ ಕಥೆ ಇಳಿಯುವುದಿಲ್ಲ. ಅವರು ಬಾಗಿಲು ತೆಗೆದು, ಸಾಮಾನು ಎತ್ತಿಟ್ಟು ಕಥೆಯ ಅಂಚಿಗೆ ಸರಿದು ನಿಲ್ಲುತ್ತಾರೆ. ಈ ಬಗೆಯ ಸಾಹಿತ್ಯದ ದೊಡ್ಡ ಮಿತಿಯೇ ಇದು. ನಾಯಕಿಯ ಸ್ವಾತಂತ್ರ್ಯ ಹೆಚ್ಚಾಗಿ ಯಾರೋ ಇನ್ನೊಬ್ಬರ ದುಡಿಮೆಯ ಮೇಲೆ ನಿಂತಿರುತ್ತದೆ. ಶಾಪಿಂಗ್ ಚೀಲಗಳ ಖುಷಿ ಬರೆಯುವಾಗ ಚೀಲ ಹೊತ್ತವರು ಮರೆತುಹೋಗುತ್ತಾರೆ. ಹುಡುಗಿಗೆ ಹಣದ ಚಿಂತೆ ಇಲ್ಲದಿದ್ದರೆ ಪ್ರೀತಿಯ ಚಿಂತೆಗೆ ಸಮಯ ಧಾರಾಳ.

2018ರ ಜೂನ್‌ನಲ್ಲಿ ಸೌದಿಯ ಹೆಂಗಸರಿಗೆ ಕಾರು ಓಡಿಸುವ ಅವಕಾಶ ಸಿಕ್ಕಿತು. ಅಂದು ಅಲ್ಲಿ ಸಂಭ್ರಮ. ಇಲ್ಲಿ? "ಇನ್ನು ಡ್ರೈವರ್ ವೀಸಾದ ಗತಿ ಎಂತ?" ಎನ್ನುವ ಪ್ರಶ್ನೆ. ಅವರ ಸಂಭ್ರಮವೂ ಸರಿ, ನಮ್ಮ ಚಿಂತೆಯೂ ಸರಿ. ಎರಡನ್ನೂ ಒಂದೇ ಕಥೆಯಲ್ಲಿ ಹೇಳಬಲ್ಲವರು ಯಾರು? ಹಿಂದಿನ ಸೀಟಿನ ಹುಡುಗಿಗೆ ಮುಂದಿನ ಸೀಟು ಕಾಣಲಿಲ್ಲ. ಮುಂದಿನ ಸೀಟಿನವನ ಮನೆಯಲ್ಲಿ ಒಬ್ಬಳು ಮಗಳಿದ್ದಾಳೆ. ಅಪ್ಪನ ಆ ಸಂಬಳದಲ್ಲೇ ಓದಿ ಇಂಜಿನಿಯರ್ ಆಗಿ ಬೆಂಗಳೂರಿಗೆ ಹೋದವಳು. ಅವಳು ಬರೆದರೆ ಪ್ರೀತಿ, ನೌಕರಿ, ನಗರದ ಜತೆಗೆ ಆ ಕಾರಿನೊಳಗಿನ ಮೌನವೂ ಬಂದೀತು.

ಓದಲು ಬಿಡಿ, ಬರೆಯಲೂ ಬಿಡಿ

"ಇಂತಹ ಪುಸ್ತಕ ಓದಿದರೆ ಹುಡುಗಿಯರು ಹಾಳಾಗುತ್ತಾರೆ" ಎಂಬ ಮಾತು ನಮ್ಮಲ್ಲಿ ಇದೆ. ಇದೇ ಮಾತನ್ನು ಹಿಂದೆ ವಾರಪತ್ರಿಕೆಗೆ ಹೇಳಿದರು, ಆಮೇಲೆ ಟಿ.ವಿ.ಗೆ, ಈಗ ಮೊಬೈಲಿಗೆ. ಎಲ್ಲ ಪುಸ್ತಕವೂ ಎಲ್ಲ ವಯಸ್ಸಿಗೆ ತಕ್ಕದ್ದಲ್ಲ, ನಿಜ. ಬ್ರಿಜೆಟ್‌ಳ ಕುಡಿತ, ಸಿಗರೇಟು ನಮ್ಮ ಮನೆಗೆ ಹೊಂದುವುದಿಲ್ಲ ಎನ್ನುವವರಿಗೆ ಸೋಫಿಯಾ, ಆಯೆಷಾ ಇದ್ದಾರೆ. ಇವರಿಗೆ ದೀನ್ ಮತ್ತು ದಿಲ್ ಎರಡೂ ಬೇಕು, ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿಯಿರಿ ಎಂದರೆ ಒಪ್ಪುವುದಿಲ್ಲ. ಈ ಪುಸ್ತಕಗಳನ್ನು ತಾಯಿ ಮಗಳು ಇಬ್ಬರೂ ಓದಿದರೆ ಇನ್ನೂ ಒಳ್ಳೆಯದು. ಮದುವೆ ಬಗ್ಗೆ ನೇರ ಮಾತು ತೆಗೆಯಲು ಹಿಂಜರಿಯುವ ಮನೆಯಲ್ಲಿ "ಆ ಸೋಫಿಯಾ ಮಾಡಿದ್ದು ಸರಿಯಾ ಉಮ್ಮಾ?" ಎಂದು ಕೇಳುವುದು ಸುಲಭ. ಉಮ್ಮ ಏನು ಹೇಳುತ್ತಾರೆ ಎನ್ನುವುದರಲ್ಲಿ ಮಗಳಿಗೆ ಬೇಕಾದ ಉತ್ತರ ಸಿಕ್ಕಿಬಿಡುತ್ತದೆ.

ನಿಕಾಹ್‌ಗೆ ಹೆಣ್ಣಿನ ಒಪ್ಪಿಗೆ ಬೇಕು ಎಂಬುದು ನಮಗೆ ಹೊರಗಿನವರು ಕಲಿಸಿದ ಪಾಠವಲ್ಲ. ಆದರೆ ಆ ಪ್ರಶ್ನೆ ಹುಡುಗಿಯ ಕಿವಿಗೆ ಬೀಳುವಷ್ಟರಲ್ಲಿ ಹಾಲ್ ಬುಕ್ ಆಗಿರುತ್ತದೆ, ಮೈಲಾಂಜಿ ಕೈಗೆ ಹತ್ತಿರುತ್ತದೆ, ಕಾರ್ಡು ಹಂಚಿ ಮುಗಿದಿರುತ್ತದೆ. ಆಗ "ಹೂಂ" ಎನ್ನದೆ ಬೇರೇನು ಹೇಳಲು ಸಾಧ್ಯ? ಈ ಹಗುರ ಕಾದಂಬರಿಗಳೆಲ್ಲ ಮಾಡುವುದು ಒಂದೇ ಕೆಲಸ. "ನಿನಗೇನು ಬೇಕು?" ಎಂಬ ಪ್ರಶ್ನೆಯನ್ನು ಒಂದಿಷ್ಟು ಮೊದಲೇ, ಅವಳು ಯೋಚಿಸಿ ಉತ್ತರ ಹೇಳಲು ಸಮಯ ಇರುವಾಗಲೇ ಕೇಳುತ್ತವೆ. ಉತ್ತರ ಸಿಗುವವರೆಗೆ ಒಂದಿಷ್ಟು ನಗಿಸುತ್ತವೆ.

ಬ್ಯಾರಿ ಹುಡುಗಿಯರ ಕೈಯಲ್ಲಿ ಈಗ ಕನ್ನಡವಿದೆ, ಇಂಗ್ಲಿಷ್ ಇದೆ, ಮನೆಯಲ್ಲಿ ಆಡುವ ಬ್ಯಾರಿ ಭಾಷೆಯ ಗಾದೆ, ಕುಚೋದ್ಯ, ಕೊಂಕು ಎಲ್ಲವೂ ಇದೆ. ಪಿ.ಜಿ.ಯ ಮಂಚದ ಮೇಲೆ ಕುಳಿತು ಮೊಬೈಲಿನಲ್ಲೇ ಮೊದಲ ಅಧ್ಯಾಯ ಬರೆಯಬಹುದು. ರಜಾ ಅಲ್ ಸಾನಿಯ ಬರೆಯಲು ಕುಳಿತದ್ದು ಹಲ್ಲಿನ ಪಾಠದ ನಡುವೆ. ನಾಯಕಿಗೆ ಯಾವ ಹೆಸರಿಡಬೇಕು, ಆ ದಮ್ಮಾಮಿನ ಹುಡುಗನಿಗೆ ಏನು ಉತ್ತರ ಕೊಡಬೇಕು, ಎಲ್ಲ ಅವರವರಿಗೆ ಬಿಟ್ಟದ್ದು. ಮುಂದಿನ ಸೀಟಿನವನಿಗೆ ಮಾತ್ರ ದಯವಿಟ್ಟು ಒಂದು ಹೆಸರಿಡಿ.